ಕಟ್ ಅಂದಮೇಲೆ ಕಂಡ ಮುಖ

ನಾನು ಜನರ ಬಾಯಿ ತೆಗೆಸುವವನು, ನನ್ನ ಹೆಂಡತಿ ಬಾಯಿ ಬಿಡಿಸುವವಳು. ನಾನು ಹಲ್ಲಿನ ಡಾಕ್ಟರು, ಅವಳು ಸಾಕ್ಷ್ಯಚಿತ್ರ ತೆಗೆಯುವವಳು, ಜೊತೆಗೆ ಟೀವಿ ಡೈರೆಕ್ಟರು. ನನ್ನ ಕುರ್ಚಿಯಲ್ಲಿ ಕೂತವರು ಬಾಯಿ ಎಷ್ಟು ಅಗಲಿಸಿದರೂ ಒಂದು ಮಾತಾಡುವಂತಿಲ್ಲ. ಅವಳ ಕ್ಯಾಮೆರಾದ ಮುಂದೆ ಕೂತವರು ಒಮ್ಮೆ ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಮದುವೆಯಾದ ಹೊಸತರಲ್ಲಿ ಈ ಮಾತನ್ನು ಎಲ್ಲರ ಹತ್ತಿರವೂ ಹೇಳಿಕೊಂಡು ನಗುತ್ತಿದ್ದೆ. ಕೇಳಿ ಕೇಳಿ ಸಾಕಾಗಿ ಅವಳು ಒಂದು ದಿನ ಮುಖ ಗಂಟಿಕ್ಕಿದಳು, ಆಮೇಲೆ ಬಿಟ್ಟೆ.

ಮನೆಯಲ್ಲಿ ಇನ್ನೊಬ್ಬ ಕಸುಬುದಾರಳಿದ್ದಾಳೆ, ನನ್ನ ಅಮ್ಮ. ಅಮ್ಮ ದರ್ಜಿ. ಕೆಳಗಡೆ ರಸ್ತೆಗೆ ಮುಖ ಮಾಡಿರುವ ದೊಡ್ಡ ಗಾಜಿನ ಕಿಟಕಿಯ ಕೋಣೆ ಅವಳ ಅಂಗಡಿ, ಅದರ ಹಿಂದೆ ಅವಳ ವಾಸ. ಮೇಲಿನ ಮಹಡಿಯಲ್ಲಿ ನಾವು. ನನ್ನ ಕ್ಲಿನಿಕ್ಕು ಎದುರು ಸಾಲಿನಲ್ಲಿ. ಎಂಬತ್ತು ದಾಟಿದರೂ ಅಮ್ಮನ ಕಾಲು ಮೆಷಿನ್ನಿನ ಪೆಡಲಿನ ಮೇಲೆಯೇ. ಕಿಟಕಿಯ ಪಕ್ಕ ಗೋಡೆಗೆ ಒಂದು ಚಿಕ್ಕ ಟೀವಿ ಇದೆ, ಅಳತೆ ಕೊಡಲು ಬಂದು ಕಾಯುವವರಿಗೆಂದು ಹಾಕಿಸಿದ್ದು.

ಅಮ್ಮನಿಗೂ ನನ್ನ ಹೆಂಡತಿಗೂ ಈವರೆಗೆ ಒಂದು ಜಗಳವಾಗಿಲ್ಲ. ಸುಮ್ಮನೆ ಹೇಳುತ್ತಿಲ್ಲ, ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಇಬ್ಬರಲ್ಲಿ ಒಬ್ಬರೂ ದನಿ ಏರಿಸಿದವರಲ್ಲ. ಅತ್ತೆ ಬಂದರೆ ಸೊಸೆ ಎದ್ದು ನಿಲ್ಲುತ್ತಾಳೆ, ಸೊಸೆ ಬಂದರೆ ಅತ್ತೆ ಮಾತು ಕಮ್ಮಿ ಮಾಡುತ್ತಾಳೆ. ಹಲ್ಲು ಕೀಳಿಸಿಕೊಳ್ಳಲು ಬಂದವರಿಗೆಲ್ಲ ನಾನು ಇದನ್ನೇ ಹೇಳಿ ಕೊಚ್ಚಿಕೊಳ್ಳುತ್ತಿದ್ದೆ. ಅವರ ಬಾಯಲ್ಲಿ ಹತ್ತಿ ಇರುತ್ತಿತ್ತು, ಹಾಗಾಗಿ ಎದುರು ಮಾತಿರಲಿಲ್ಲ.

ಹೆಂಡತಿ ಟೀವಿಗೆ ಸೇರಿದಾಗ ಅವಳಿಗೆ ಕೊಟ್ಟ ಕೆಲಸ ವಾರ್ತೆ ಓದುವವರ ಹಿಂದಿನ ಗಡಿಯಾರ ನಡೆಯುತ್ತಿದೆಯೇ ಎಂದು ನೋಡುವುದು. ಅದನ್ನು ನೋಡಿ ನೋಡಿ ಬೇಸತ್ತು ಮಕ್ಕಳ ಬೊಂಬೆ ಕಾರ್ಯಕ್ರಮಕ್ಕೆ ಹೋದಳು. ಅಲ್ಲಿ ಒಂದು ಬೊಂಬೆಯ ಕೈ ಮುರಿದಾಗ ಇವಳೇ ಮೇಜಿನ ಕೆಳಗೆ ಕೂತು ತನ್ನ ಕೈ ತೂರಿಸಿ ಅರ್ಧ ಗಂಟೆ ಆಡಿಸಿದಳಂತೆ, ಆ ಕೈ ನೋಡಿ ಮೇಲಿನವರು ಅವಳನ್ನು ಡೈರೆಕ್ಟರು ಮಾಡಿದರಂತೆ. ಇದನ್ನು ಅವಳೇ ಹೇಳುವುದು, ಎಷ್ಟು ನಿಜವೋ ನನಗೆ ಗೊತ್ತಿಲ್ಲ. ಆಮೇಲೆ ಸಾಕ್ಷ್ಯಚಿತ್ರಗಳು ಶುರುವಾದವು. ಕಬ್ಬಿಣದ ಸೇತುವೆಗೆ ವರ್ಷವಿಡೀ ಬಣ್ಣ ಬಳಿಯುವವರದ್ದು ಒಂದು. ರೈಲಿನಲ್ಲಿ ಜನ ಮರೆತುಹೋದ ಸಾಮಾನು ಇಡುವ ಕೋಣೆಯದ್ದು ಒಂದು. ಆಸ್ಪತ್ರೆಯ ಲಿಫ್ಟಿನದ್ದು ಇನ್ನೊಂದು, ಅದರಲ್ಲಿ ಇಡೀ ಚಿತ್ರ ಲಿಫ್ಟಿನಿಂದ ಹೊರಗೆ ಬರುವುದೇ ಇಲ್ಲ. ಅವಳ ಚಿತ್ರಗಳಲ್ಲಿ ಎಲ್ಲಾದರೂ ಒಬ್ಬ ಮನುಷ್ಯ ಬೆನ್ನು ತೋರಿಸಿಕೊಂಡು ನಡೆದು ಹೋದರೆ ಅದು ನಾನು. ಮುಖ ತೋರಿಸುವ ಅವಕಾಶ ನನಗೆ ಈವರೆಗೂ ಸಿಕ್ಕಿಲ್ಲ.

ಸಾಕ್ಷ್ಯಚಿತ್ರ ಅವಳ ಜೀವ, ಆದರೆ ಚಾನೆಲ್ಲಿನವರಿಗೆ ಬೇಕಾದದ್ದು ಸೀರಿಯಲ್ಲು. ಕೊನೆಗೆ ಅವಳೂ ಒಂದನ್ನು ಒಪ್ಪಿಕೊಂಡಳು. ಅದು ಬೇರೆ ಯಾವ ಕಥೆಯೂ ಅಲ್ಲ, ಅತ್ತೆ ಸೊಸೆಯ ಜಗಳ! ಹಸಿರು ಉಡುಪಿನ ಅತ್ತೆ ದಿನವೂ ಸಂಜೆ ಒಂದೊಂದು ಹೊಸ ಕಿತಾಪತಿ ಮಾಡಬೇಕು, ಸೊಸೆ ಕಣ್ಣೀರು ಹಾಕಬೇಕು. ಅದು ವರ್ಷಗಟ್ಟಲೆ ಓಡಿತು. ಅಂಗಡಿಗೆ ಬಂದವರು ಅಮ್ಮನನ್ನು ಕಿಚಾಯಿಸುವರು. "ಏನ್ರೀ, ನಿಮ್ ಸೊಸೆ ನಿಮ್ಮನ್ನೇ ನೋಡ್ಕೊಂಡು ಬರೀತಾಳಾ?"

"ನಂಗೆ ಟೀವಿ ನೋಡೋಕೆಲ್ಲಿ ಪುರುಸೊತ್ತು?" ಎಂದು ಅಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದಳು.

ಅಷ್ಟೇ. ಮೂವತ್ತು ವರ್ಷದಲ್ಲಿ ಸೊಸೆಯ ಕೆಲಸದ ಬಗ್ಗೆ ಅಮ್ಮನ ಬಾಯಿಂದ ಬಂದ ಮಾತು ಇದೊಂದೇ. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ಪ್ರಶಸ್ತಿ ಬಂದ ದಿನ ನನ್ನ ಹೆಂಡತಿ ಆ ಭಾರದ ಹಿತ್ತಾಳೆಯನ್ನು ಕೆಳಗೆ ತೆಗೆದುಕೊಂಡು ಹೋಗಿ ತೋರಿಸಿದ್ದಳು. ಅಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಕ ನೋಡಿ, "ಗಟ್ಟಿ ಇದೆ" ಎಂದು ವಾಪಸು ಕೊಟ್ಟಳು. ಮೇಲೆ ಬಂದವಳು ಬಟ್ಟೆ ಬದಲಿಸುತ್ತಾ, "ಊರೆಲ್ಲ ಮಾತಾಡುತ್ತೆ, ಅತ್ತೆ ಮಾತ್ರ ತುಟಿ ಪಿಟಕ್ ಅನ್ನಲ್ಲ ರೀ" ಎಂದಳು. ನಾನು ತಮಾಷೆ ಮಾಡಿ ಹಾರಿಸಿಬಿಟ್ಟೆ. ಆದರೆ ಅದು ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ನಾಲಿಗೆ ಸದಾ ಅಲ್ಲಿಗೇ ಹೋಗುತ್ತಿತ್ತು.

ಈ ವರ್ಷ ಅವಳು ನಿವೃತ್ತಿಯಾಗುವುದಿತ್ತು. ಚಾನೆಲ್ಲಿನವರು ಒಳ್ಳೆಯ ಮನಸ್ಸು ಮಾಡಿ ಅರ್ಧ ಗಂಟೆ ಕೊಟ್ಟರು. ನಿಮಗಿಷ್ಟ ಬಂದದ್ದು ಮಾಡಿ, ಯಾರೂ ಕೇಳುವುದಿಲ್ಲ ಅಂದರು. ಎಲ್ಲರೂ ಏನೋ ಭಾರೀ ವಿಷಯ ಬರುತ್ತದೆ ಅಂದುಕೊಂಡಿದ್ದರು. ಇವಳು, "ನಮ್ಮ ಅತ್ತೆ. ದರ್ಜಿ ಕೆಲಸ" ಎಂದು ಬರೆದುಕೊಟ್ಟು ಬಂದಳು.

ಅಮ್ಮನನ್ನು ಒಪ್ಪಿಸುವ ಹೊತ್ತಿಗೆ ನನಗೆ ಸಾಕುಸಾಕಾಯಿತು. ಮೊದಲು ಮುಖ ಚೆನ್ನಾಗಿಲ್ಲ ಅಂದಳು. ಆಮೇಲೆ ಕೂದಲು ಅಂದಳು. ಕೈಯಲ್ಲಿರುವ ಕೋಟು ಮುಗಿಯಲಿ ಅಂದಳು, ಅದು ಮುಗಿದರೆ ಇನ್ನೊಂದು ಕೋಟು ಬಂತು. ಕೊನೆಗೆ ಒಂದು ಷರತ್ತಿನ ಮೇಲೆ ಹೂಂಗುಟ್ಟಿದಳು.

"ಒಂದೇ ದಿನ ಕೂರೋದು. ಹೇಳಿದ್ದನ್ನೇ ಇನ್ನೊಂದ್ ಸಲ ಹೇಳಿ ಅಂದ್ರೆ ಎದ್ದು ಒಳಗೆ ಹೋಗ್ತೀನಿ, ಆಮೇಲೆ ಕರೀಬಾರದು."

ಹೆಂಡತಿ ತಕ್ಷಣ ತಲೆಯಾಡಿಸಿದಳು. ಮೇಲೆ ಬಂದಮೇಲೆ ನನ್ನ ಹತ್ತಿರ ಗುಟ್ಟು ಬಿಟ್ಟುಕೊಟ್ಟಳು. "ಮಿಕ್ಕಿದ್ದೆಲ್ಲಾ ನೆಪ ರೀ. ನಂಗೆ ಬೇಕಾಗಿರೋದು ಕೊನೇ ಪ್ರಶ್ನೆ. ನಾನು ಮಾಡಿದ್ದು ಯಾವುದನ್ನಾದ್ರೂ ನೋಡಿದೀರಾ, ಏನನ್ನಿಸ್ತು ಅಂತ ಕೇಳ್ಬೇಕು. ಮನೇಲಿ ಕೇಳೋಕೆ ಬಾಯಿ ಬರಲ್ಲ. ಕ್ಯಾಮೆರಾ ಹಿಂದೆ ಇದ್ರೆ ಧೈರ್ಯ ಬರುತ್ತೆ."

ಶೂಟಿಂಗಿನ ದಿನ ಅವಳ ಹಳೆಯ ಜೊತೆಗಾರರಿಬ್ಬರು ಬಂದರು. ಕ್ಯಾಮೆರಾದವನಿಗೆ ಎಲ್ಲರೂ ಒಂಟಿಕಣ್ಣ ಅನ್ನುತ್ತಾರೆ. ಎರಡು ಕಣ್ಣೂ ಚೆನ್ನಾಗಿಯೇ ಇವೆ, ಆದರೆ ಒಂದನ್ನು ಮುಚ್ಚಿ ಮುಚ್ಚಿ ಈಗ ಊಟ ಮಾಡುವಾಗಲೂ ಮುಚ್ಚಿಯೇ ಇರುತ್ತದೆ. ಧ್ವನಿ ಹಿಡಿಯುವವಳು ಕಿವಿಯಕ್ಕ. ಅವಳು ಬಂದವಳೇ ಮನೆಯ ಫ್ರಿಜ್ಜು ಆಫ್ ಮಾಡಿ, ತನ್ನ ಸ್ಕೂಟರಿನ ಬೀಗದ ಕೈ ಅದರೊಳಗೆ ಇಟ್ಟಳು. ಯಾಕೆ ಎಂದು ಅಮ್ಮ ಬೆರಗಾಗಿ ಕೇಳಿದಳು.

"ಫ್ರಿಜ್ಜು ಗುಂಯ್ ಅನ್ನುತ್ತೆ ಅಮ್ಮ, ಅದಕ್ಕೆ ಆಫ್ ಮಾಡ್ತೀವಿ. ಹೋಗೋವಾಗ ಆನ್ ಮಾಡೋದು ಮರೀತೀವಿ, ಹಾಲು ಕೆಡುತ್ತೆ, ಮನೆಯೋರು ಬೈತಾರೆ. ಬೀಗದ ಕೈ ಒಳಗಿದ್ರೆ ಫ್ರಿಜ್ಜು ತೆಗೀಲೇಬೇಕಲ್ಲ."

"ಒಳ್ಳೇ ಬುದ್ಧಿ" ಎಂದಳು ಅಮ್ಮ. ಕಸುಬಿನ ಕಿಲಾಡಿತನ ಎಲ್ಲಿ ಕಂಡರೂ ಅವಳಿಗೆ ಖುಷಿ.

ನನ್ನ ಹೆಂಡತಿಗೂ ಇಂಥದ್ದೊಂದು ಅಭ್ಯಾಸವಿದೆ. ಕ್ಯಾಮೆರಾದಲ್ಲಿ ರೆಕಾರ್ಡ್ ಆಗುವಾಗ ಮುಂದೆ ಒಂದು ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅದನ್ನು ಕಂಡ ಕೂಡಲೇ ಜನ ಸೆಟೆದುಕೊಂಡು ಪುಸ್ತಕದ ಮಾತು ಆಡುತ್ತಾರೆ ಅನ್ನುವುದು ಅವಳ ಲೆಕ್ಕ. ಹಾಗಾಗಿ ಮೊದಲ ಚಿತ್ರದಿಂದಲೂ ಆ ದೀಪದ ಮೇಲೆ ಕಪ್ಪು ಟೇಪು ಅಂಟಿಸಿಬಿಡುತ್ತಾಳೆ. ಶುರು ಎಂದು ಕೂಗುವುದೂ ಇಲ್ಲ, ಒಂಟಿಕಣ್ಣನ ಬೆನ್ನು ಮುಟ್ಟುತ್ತಾಳೆ, ಅವನು ಗುಂಡಿ ಒತ್ತುತ್ತಾನೆ.

ನನ್ನ ಪಾಲಿಗೆ ಬಂದದ್ದು ಬೀದಿ. ಪಕ್ಕದ ಕಟ್ಟಡದಲ್ಲಿ ಗೋಡೆ ಕೊರೆಯುತ್ತಿದ್ದವರನ್ನು ತಡೆಯುವುದು, ಹಾರ್ನ್ ಹೊಡೆಯುವವರಿಗೆ ಕೈ ಮುಗಿಯುವುದು. ಎದುರಿನ ಕ್ಲಿನಿಕ್ಕಿನಲ್ಲಿ ನನಗೆ ಕಾಯುತ್ತಿದ್ದವರೊಬ್ಬರು ಊದಿಕೊಂಡ ಕೆನ್ನೆ ಹಿಡಿದುಕೊಂಡೇ ಬಂದು ನನಗೆ ನೆರವಾದರು.

ಬೆಳಿಗ್ಗೆಯೆಲ್ಲ ಅಮ್ಮ ಭರ್ಜರಿಯಾಗಿ ಮಾತಾಡಿದಳಂತೆ. ಮೊದಲು ಹೊಲಿದ ಅಂಗಿಯ ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಬಂದದ್ದು, ಅಪ್ಪ ಅದನ್ನೇ ತೊಟ್ಟು ಕೆಲಸಕ್ಕೆ ಹೋದದ್ದು, ಎಲ್ಲವನ್ನೂ ಹೇಳಿದಳಂತೆ. ಊಟವಾದಮೇಲೆ ಒಂಟಿಕಣ್ಣ ಕ್ಯಾಮೆರಾಕ್ಕೆ ಹೊಸ ಕಾರ್ಡು ಹಾಕಿದ. ಇನ್ನು ಉಳಿದದ್ದು ಕೊನೆಯ ಪ್ರಶ್ನೆ ಮಾತ್ರ. ಹೆಂಡತಿ ಬಾಗಿಲ ತನಕ ಬಂದು ನನ್ನ ಕಡೆ ನೋಡಿದಳು. ಟೀವಿ ಸಂದರ್ಶನಗಳಲ್ಲಿ ಅಷ್ಟೊಂದು ಮಂತ್ರಿಗಳಿಗೆ ನೀರು ಕುಡಿಸಿದ ಹೆಂಗಸು, ಅವತ್ತು ಅವಳ ತುಟಿ ಒಣಗಿತ್ತು.

ಗಾಜಿನ ಆಚೆಯಿಂದ ನನಗೆ ಅಮ್ಮ ಕಾಣುತ್ತಿದ್ದಳು. ಮಾತು ಕೇಳಿಸುತ್ತಿರಲಿಲ್ಲ. ತುಂಬಾ ಹೊತ್ತು ಮಾತಾಡಿದಳು. ಒಮ್ಮೆ ಕೈ ಎತ್ತಿ ಮಹಡಿಯ ಕಡೆ ತೋರಿಸಿದಳು, ಒಮ್ಮೆ ಮೂಗು ಒರೆಸಿಕೊಂಡಳು. ಆಮೇಲೆ ಒಳಗಿಂದ "ಕಟ್" ಎಂಬ ಕೂಗು ಬಂತು, ಹೆಂಡತಿ ಮುಖವರಳಿಸಿಕೊಂಡು ಹೊರಗೆ ಓಡಿ ಬಂದಳು.

"ಎಷ್ಟು ಚೆನ್ನಾಗಿ ಬಂತು ಗೊತ್ತಾ ರೀ!"

"ಏನಂದ್ಲು ಅಮ್ಮ?"

"ನೀವೇ ನೋಡಿ ನಾಳೆ. ಎಲ್ಲಾ ಒಳಗಿದೆ" ಎಂದು ಕ್ಯಾಮೆರಾ ಕಡೆ ಕೈ ತೋರಿಸಿ ಮತ್ತೆ ಒಳಗೆ ಹೋದಳು.

ಮಾರನೆಯ ಬೆಳಿಗ್ಗೆ ಮಹಡಿಯ ಚಿಕ್ಕ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ನಾನು, ಹೆಂಡತಿ, ಒಂಟಿಕಣ್ಣ ಮೂವರೂ ಕೂತೆವು. ಮೊದಲನೆಯ ಕಾರ್ಡು ನೋಡುತ್ತಾ ಕಾಫಿ ಕುಡಿದು ನಕ್ಕೆವು. ಎರಡನೆಯದು ಹಾಕಿದಾಗ ತೆರೆಯ ಮೇಲೆ ಒಂಟಿಕಣ್ಣನ ಕೈ ದೀಪವನ್ನು ಆಚೀಚೆ ಸರಿಸುತ್ತಿತ್ತು. "ಅತ್ತೆ, ಸ್ವಲ್ಪ ಈ ಕಡೆ" ಎಂಬ ದನಿ. ಅಮ್ಮ ಸರಿದು ಕೂತಳು. ಅಲ್ಲಿಗೆ ಚಿತ್ರ ನಿಂತುಹೋಯಿತು. ಮುಂದಿನದು ಶುರುವಾಗಿದ್ದೇ "ಕಟ್" ಎಂಬ ಕೂಗಿನ ಬಾಲದಿಂದ.

ನನಗೆ ಏನೂ ತಿಳಿಯಲಿಲ್ಲ. ಒಂಟಿಕಣ್ಣನ ಮುಚ್ಚಿದ ಕಣ್ಣೂ ತೆರೆದುಕೊಂಡಿತು.

"ಮೇಡಂ... ಉಲ್ಟಾ ಆಗಿದೆ."

ಬೆಳಕು ಪರೀಕ್ಷಿಸುವಾಗ ಅವನು ಗುಂಡಿ ಒತ್ತಿದ್ದಾನೆ, ಅದು ಅವನಿಗೇ ನೆನಪಿಲ್ಲ. ಕ್ಯಾಮೆರಾ ಓಡುತ್ತಲೇ ಇತ್ತು. ಇವಳು ಬೆನ್ನು ಮುಟ್ಟಿದಾಗ ಶುರು ಎಂದು ಒತ್ತಿದ, ಅದು ನಿಂತಿತು. ಕಟ್ ಎಂದಾಗ ನಿಲ್ಲಿಸಲು ಒತ್ತಿದ, ಅದು ಓಡತೊಡಗಿತು. ಎಚ್ಚರಿಸಬೇಕಾದ ಕೆಂಪು ದೀಪದ ಬಾಯಿಗೆ ಇವಳೇ ಟೇಪು ಅಂಟಿಸಿದ್ದಳು. ಈ ಕಸುಬಿನವರು ಇದಕ್ಕೆ ಇಟ್ಟಿರುವ ಹೆಸರು ಇಲ್ಲಿ ಬರೆಯುವಂಥದ್ದಲ್ಲ.

"ಹೋಗ್ಲಿ, ಅಮ್ಮ ಏನು ಹೇಳಿದ್ಲು ಅಂತ ನಿಮಗೆ ಗೊತ್ತಲ್ಲ" ಎಂದೆ ನಾನು. "ಹೇಳಿ, ನಾನೂ ಕೇಳ್ತೀನಿ."

ಒಂಟಿಕಣ್ಣ ತಲೆ ಕೆರೆದುಕೊಂಡ. "ಅವರ ಕನ್ನಡಕದಲ್ಲಿ ದೀಪ ಬೀಳ್ತಿತ್ತು ಸಾರ್. ನಾನು ಅದನ್ನ ತಪ್ಪಿಸ್ತಾ ಇದ್ದೆ. ಮಾತಿನ ಕಡೆ ಗಮನ ಹೋಗ್ಲಿಲ್ಲ."

ಕಿವಿಯಕ್ಕನಿಗೆ ಫೋನ್ ಹಚ್ಚಿದೆವು. ಅವಳ ಮೈಕು ಕ್ಯಾಮೆರಾಕ್ಕೇ ಜೋಡಿಸಿದ್ದು, ಹಾಗಾಗಿ ಧ್ವನಿಯೂ ಚಿತ್ರದ ಜೊತೆಗೇ ಹೋಗಿತ್ತು. ಆದರೆ ಅವಳು ಕಿವಿಗೆ ಹೆಡ್‌ಫೋನು ಹಾಕಿಕೊಂಡು ಅಮ್ಮನ ಪ್ರತಿ ಉಸಿರನ್ನೂ ಕೇಳಿದವಳು.

"ಧ್ವನಿ ಬಹಳ ಕ್ಲೀನಾಗಿ ಬಂದಿತ್ತು ಮೇಡಂ. ಮಧ್ಯದಲ್ಲಿ ಒಂದು ಬೈಕು ಹೋಯ್ತು, ಅದೂ ದೂರದಲ್ಲಿ. ಏನು ಹೇಳಿದ್ರು ಅಂತನಾ? ನಾನು ಸದ್ದು ಕೇಳ್ತೀನಿ ಮೇಡಂ. ಮಾತು ಕೇಳಿದ್ರೆ ಸದ್ದು ತಪ್ಪಿಹೋಗುತ್ತೆ."

ಇಬ್ಬರೂ ಆದಮೇಲೆ ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಬೆರಳು ಕಚ್ಚಿಕೊಂಡು ಕೂತಿದ್ದಳು.

"ಹಣೆ ಮೇಲೆ ಒಂದು ನೆರಳು ಬರ್ತಿತ್ತು ರೀ" ಎಂದಳು. "ಅತ್ತೆ ತಲೆ ಆಡಿಸಿದ್ರೆ ಬರೋದು, ನೆಟ್ಟಗೆ ಕೂತ್ರೆ ಹೋಗೋದು. ಅಯ್ಯೋ ಅಲ್ಲಾಡಬೇಡಿ ಅತ್ತೆ, ಅಲ್ಲಾಡಬೇಡಿ ಅಂತ ಮನಸ್ಸಲ್ಲೇ ಅಂದ್ಕೊಳ್ತಾ ಕೂತಿದ್ದೆ. ಮಾತು ಎಲ್ಲಿ ಹೋಗುತ್ತೆ, ರೆಕಾರ್ಡಾಗ್ತಿದೆ, ಆಮೇಲೆ ಕೇಳಿದ್ರಾಯ್ತು ಅಂತ... ನಾನೂ ಕೇಳಿಸ್ಕೊಳ್ಳಲಿಲ್ಲ ರೀ."

ಮೂವತ್ತು ವರ್ಷ ಕಾದ ಮಾತು ಅದು. ಕೊನೆಗೂ ಅಮ್ಮ ಹೇಳಿದಳು, ಮೂರು ಜನ ಎದುರಿಗೇ ಕೂತು ಒಬ್ಬರೂ ಕೇಳಲಿಲ್ಲ. ನನಗೆ ನಗು ಬಂತು. ನಕ್ಕರೆ ಅವತ್ತು ಊಟ ಸಿಗುವುದಿಲ್ಲ ಎಂದು ಕೆಮ್ಮಿದೆ.

"ಆ ಕೊನೇದು ಇನ್ನೊಮ್ಮೆ ಹಾಕು" ಎಂದಳು ಹೆಂಡತಿ.

ಕಟ್ ಅಂದಮೇಲಿನ ಚಿತ್ರ. ಕ್ಯಾಮೆರಾ ಇಟ್ಟಲ್ಲೇ ಇತ್ತು, ಅದರ ಹಿಂದೆ ಯಾರೂ ಇರಲಿಲ್ಲ. ಅಮ್ಮನ ಮುಖ ತೆರೆಯ ತುಂಬಾ. ಆಗತಾನೆ ಹೇಳಿ ಮುಗಿಸಿದ್ದಾಳೆ, ತುಟಿ ಇನ್ನೂ ಪೂರ್ತಿ ಮುಚ್ಚಿಲ್ಲ. ಸೊಸೆ ಕೂತಿದ್ದ ಕಡೆಯೇ ಕಣ್ಣು. "ವಂಡರ್‌ಫುಲ್! ಲೈಟ್ ನೋಡಿದ್ಯಾ, ಎಂಥಾ ಲೈಟ್ ಸಿಕ್ತು!" ಎಂದು ನನ್ನ ಹೆಂಡತಿಯ ದನಿ. ಕುರ್ಚಿ ಎಳೆದ ಸದ್ದು. ಅಮ್ಮನ ಕಣ್ಣು ಯಾರನ್ನೋ ಹಿಂಬಾಲಿಸಿಕೊಂಡು ಬಾಗಿಲ ತನಕ ಹೋಯಿತು, ಅಲ್ಲೇ ಸ್ವಲ್ಪ ನಿಂತಿತು, ಖಾಲಿ ಕುರ್ಚಿಗೆ ವಾಪಸು ಬಂತು. ಕೊರಳಿನ ಅಳತೆಪಟ್ಟಿಯನ್ನು ಎರಡೂ ಕಡೆ ಸಮ ಮಾಡಿಕೊಂಡಳು. ಯಾರಾದರೂ ಮಾತಾಡಿಸುತ್ತಾರೆಂದು ಹುಬ್ಬು ಒಂದಿಷ್ಟು ಮೇಲೇರಿಸಿದಳು. ಯಾರೂ ಬರಲಿಲ್ಲ.

"ಇಷ್ಟೇನಾ?" ಎಂದಳು ಅಮ್ಮ, ಮೆಲ್ಲಗೆ. ಅಷ್ಟರಲ್ಲಿ ಒಂಟಿಕಣ್ಣ ಬಂದು ಕ್ಯಾಮೆರಾ ಎತ್ತಿದ. ಮುಂದೆಲ್ಲ ನೆಲ, ಚಪ್ಪಲಿ, ಚೂರು ಬಟ್ಟೆಗಳು.

ನನಗೆ ಬಂದಿದ್ದ ನಗು ಎಲ್ಲಿ ಹೋಯಿತೋ. ಅಮ್ಮನ ಅಂಥ ಮುಖವನ್ನು ನಾನು ಕಂಡಿರಲಿಲ್ಲ. ಹೆಂಡತಿ ಕಣ್ಣೊರೆಸಿಕೊಳ್ಳುವುದಕ್ಕೂ ಹೋಗದೆ ಹಾಗೇ ಕೂತಿದ್ದಳು.

ಒಂಟಿಕಣ್ಣನಿಗೆ ತನ್ನ ತಪ್ಪು ತಿದ್ದುವ ಆತುರ. "ಮೇಡಂ, ಒಂದು ಐಡಿಯಾ. ಅಮ್ಮನಿಗೆ ಏನೂ ಹೇಳೋದು ಬೇಡ. ಸೌಂಡ್ ಟೆಸ್ಟ್ ಅಂತ ಅದೇ ಜಾಗದಲ್ಲಿ ಕೂರಿಸೋಣ, ಮಾತಲ್ಲಿ ಮಾತು ತೆಗೆದು..."

"ಬಾಯಿ ಮುಚ್ಕೊಂಡು ಕೂತ್ಕೋ" ಎಂದಳು ಅವಳು. ಎದ್ದು ಕೈಗೆ ಸಿಕ್ಕಿದ ಬಟ್ಟೆಯಿಂದ ಮುಖ ಒರೆಸಿಕೊಂಡು, "ನೀವು ಜೊತೆಗೆ ಬನ್ನಿ ರೀ, ಒಬ್ಬಳೇ ಹೋಗಲ್ಲ" ಎಂದಳು. ಹೋದೆ. ಆದರೆ ಮೆಟ್ಟಿಲ ಕೊನೆಯಲ್ಲೇ ನಿಂತೆ. ಅಷ್ಟು ಬುದ್ಧಿ ನನಗಿದೆ.

ಅಮ್ಮ ಒಂದು ಕಂದು ಕೋಟಿಗೆ ಗುಂಡಿ ಹೊಲಿಯುತ್ತಿದ್ದಳು. ಹೆಂಡತಿ ಎದುರಿನ ಸ್ಟೂಲಿನ ಮೇಲೆ ಕೂತಳು.

"ಅತ್ತೆ, ನಿನ್ನೆ ಕೊನೇಲಿ ನೀವು ಹೇಳಿದ್ದು ರೆಕಾರ್ಡಾಗಿಲ್ಲ."

"ಕ್ಯಾಮೆರಾ ಕೆಟ್ಟಿತ್ತಾ?"

ಹೌದು ಎಂದುಬಿಡಬಹುದಿತ್ತು. ನಾನಾಗಿದ್ದರೆ ಖಂಡಿತ ಎಂದುಬಿಡುತ್ತಿದ್ದೆ.

"ಇಲ್ಲ, ನಮ್ಮದೇ ತಪ್ಪು. ಅದೂ ಹೋಗ್ಲಿ. ನಾನೂ ಕೇಳಿಸ್ಕೊಳ್ಳಲಿಲ್ಲ ಅತ್ತೆ. ನಿಮ್ಮೆದುರಿಗೇ ಕೂತಿದ್ದೆ, ಒಂದಕ್ಷರಾನೂ ತಲೆಗೆ ಹೋಗಲಿಲ್ಲ. ನೆರಳು ನೋಡ್ತಿದ್ದೆ."

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ಗೊತ್ತಿತ್ತು" ಎಂದಳು. "ನೀನು ನನ್ನ ಕಣ್ಣು ನೋಡ್ತಿರಲಿಲ್ಲ, ಹಣೆ ನೋಡ್ತಿದ್ದೆ. ನಂಗೇನೋ ಹಣೆ ಮೇಲೆ ನೊಣ ಕೂತಿದೆಯೇನೋ ಅನ್ನಿಸಿತ್ತು."

"ಇನ್ನೊಂದ್ ಸಲ ಹೇಳಲ್ಲ ಅಂದಿದ್ರಿ. ಕೇಳೋಕೆ ಮುಖ ಇಲ್ಲ ನಂಗೆ."

"ಕಿವಿಗೆ ಹಾಕ್ಕೊಂಡೋರಿಗೆ ಇನ್ನೊಂದ್ ಸಲ ಹೇಳಲ್ಲ ಅಂದಿದ್ದು. ನಿನ್ನ ಕಿವಿಗೇ ಬಿದ್ದಿಲ್ಲ ಅಂದ್ಮೇಲೆ ಇದೇ ಮೊದಲನೇ ಸಲ." ಅಮ್ಮ ಕೋಟನ್ನು ಪಕ್ಕಕ್ಕಿಟ್ಟು ಕನ್ನಡಕ ತೆಗೆದಳು. "ನೋಡಿದೀನಿ ಕಣೇ. ನೀನು ಮಾಡಿದ್ದು ಬಹಳಷ್ಟು ನೋಡಿದೀನಿ. ಈ ಗೋಡೆ ಮೇಲಿನ ಟೀವಿ ಗಿರಾಕಿಗಳಿಗೆ ಅಂತ ನನ್ನ ಮಗ ಊರಿಗೆಲ್ಲ ಹೇಳ್ಕೊಂಡು ತಿರುಗ್ತಾನೆ. ಗಿರಾಕಿಗಳಿಗೆ ಅಂತಾನೇ ಹಾಕ್ಸಿದ್ರೆ ನನ್ನ ಮೆಷಿನ್ ಕಡೆಗೆ ಯಾಕೆ ತಿರುಗಿಸಿ ಹಾಕಿಸ್ತಿದ್ದೆ?"

ನಾನು ಟೀವಿ ಕಡೆ ನೋಡಿದೆ. ಹೌದಲ್ಲ, ಅದರ ಮುಖ ಮೆಷಿನ್ನಿನ ಕಡೆಗೇ ಇದೆ. ಕಾಯುವವರು ಕತ್ತು ತಿರುಗಿಸಿ ಕೂರಬೇಕು.

"ಮತ್ತೆ ಒಂದು ದಿನಾನೂ ಏನೂ ಹೇಳಲಿಲ್ಲ?"

"ಹೇಳೋಕೆ ಏನಿರ್ತಿತ್ತು? ನೋಡೋಕೆ ಕೂತ್ರೆ ನನ್ನ ಹಾಳು ಕಣ್ಣು ಹೊಲಿಗೆ ಮೇಲೇ ಹೋಗೋದು. ನಿನ್ನ ಸೀರಿಯಲ್ಲಿನ ಅತ್ತೆ ಇದ್ಲಲ್ಲ, ಅವಳ ಹಸಿರು ಉಡುಪಿನ ಎಡಗಡೆ ಭುಜ ಯಾವಾಗ್ಲೂ ಎಳೀತಿತ್ತು. ಅವಳು ಸೊಸೆಗೆ ಬೈತಿದ್ಲೋ ಹೊಗಳ್ತಿದ್ಲೋ ಯಾರಿಗ್ಗೊತ್ತು? ಆ ಭುಜಕ್ಕೆ ಎರಡು ಹೊಲಿಗೆ ಹಾಕಿದ್ರೆ ಸಾಕಿತ್ತು ಅಂತ ಒದ್ದಾಡ್ತಿದ್ದೆ. ಕಥೆ ಏನಾಯ್ತು ಅಂತ ಕೇಳಿದ್ರೆ ದೇವರಾಣೆಗೂ ಗೊತ್ತಿರಲಿಲ್ಲ. ನಿನ್ನ ಹತ್ರ ಬಂದು ಏನಂತ ಹೇಳ್ಲಿ? ಭುಜ ಎಳೀತಿದೆ ಅಂತನಾ?"

ಹೆಂಡತಿ ಅಳುತ್ತಲೇ ನಕ್ಕಳು.

"ಆದ್ರೆ ಒಂದು ಮಾತ್ರ ನೋಡ್ದೆ ನೋಡು" ಎಂದಳು ಅಮ್ಮ. "ಸೇತುವೆಗೆ ಬಣ್ಣ ಬಳಿಯೋರದ್ದು. ಅದ್ರಲ್ಲಿ ಒಬ್ಬ ಮುದುಕ ಕುಂಚ ತೊಳೀತಾ, ಹೆಂಡ್ತಿ ಹೋದ್ಮೇಲೆ ಮನೆಗೆ ಹೋಗೋದಕ್ಕಿಂತ ಇಲ್ಲೇ ಸೇತುವೆ ಮೇಲೆ ಇರೋದು ಹಿತ ಅಂತಾನಲ್ಲ. ಆವಾಗ ನಿಮ್ಮಾವ ಹೋಗಿ ಸ್ವಲ್ಪ ದಿನ ಆಗಿತ್ತು. ನಾನೂ ಹಗಲೂ ಸಂಜೆ ಈ ಮೆಷಿನ್ ಬಿಟ್ಟು ಏಳ್ತಿರಲಿಲ್ಲ, ನೀನು ಕಂಡಿದೀಯ. ಆ ಮುದುಕ ಯಾವ ಅಂಗಿ ಹಾಕಿದ್ದ, ಅದಕ್ಕೆ ಕಾಲರ್ ಇತ್ತೋ ಇಲ್ವೋ, ಇವತ್ತಿಗೂ ನಂಗೆ ಗೊತ್ತಿಲ್ಲ ಕಣೇ. ಹೊಲಿಗೆ ಮರೆತೇ ಹೋಗಿತ್ತು. ಅವನನ್ನ ಮಾತ್ರ ನೋಡ್ದೆ. ಮುಗಿದ್ಮೇಲೆ ನಿನ್ನ ಹೆಸರು ಬಂತು. ಇದನ್ನ ನಮ್ಮನೆ ಹುಡುಗಿ ಮಾಡಿದ್ದು ಅಂತ ಎದೆ ತುಂಬಿ ಬಂತು. ಹೇಳ್ಲೇಬೇಕು ಅಂತ ಮೆಟ್ಟಿಲು ಹತ್ತಿ ಬಂದೆ."

"ಯಾವಾಗ? ನೀವು ಬಂದೇ ಇಲ್ವಲ್ಲ ಅತ್ತೆ."

"ಬಾಗಿಲ ತನಕ ಬಂದೆ. ಒಳಗೆ ನೀನು ಫೋನಲ್ಲಿ ದೊಡ್ಡ ದೊಡ್ಡ ಮಾತಾಡ್ತಿದ್ದೆ. ಎಲ್ಲರೂ ಹೊಗಳ್ತಿದ್ರು ಅಂತ ಕಾಣುತ್ತೆ. ಇದರ ಮಧ್ಯೆ ನಾನೇನು ಹೇಳೋದು ಅಂತ ಇಳಿದುಬಂದೆ. ನಾಳೆ ಹೇಳೋಣ ಅಂದ್ಕೊಂಡೆ. ಆಮೇಲೆ ನೀನು ಆ ಅತ್ತೆ ಸೊಸೆ ಸೀರಿಯಲ್ ಶುರು ಮಾಡಿದೆ."

ಹೆಂಡತಿಯ ಕಣ್ಣು ಅಮ್ಮನ ಮುಖ ಬಿಟ್ಟು ಎಲ್ಲೂ ಹೋಗಿರಲಿಲ್ಲ. ಕಿಟಕಿಯಿಂದ ಬಿಸಿಲು ನೇರವಾಗಿ ಅಮ್ಮನ ಕಣ್ಣಿಗೆ ಬೀಳುತ್ತಿತ್ತು, ಫೋಟೋಕ್ಕೆ ಅದಕ್ಕಿಂತ ಕೆಟ್ಟ ಬೆಳಕು ಇರಲಾರದು. ಹೆಂಡತಿಗೆ ಅದರ ಪರಿವೆಯೇ ಇರಲಿಲ್ಲ.

"ಚಾನೆಲ್ಲಿಗೆ ಈಗ ಏನು ಕೊಡ್ತೀಯ?" ಎಂದಳು ಅಮ್ಮ.

"ಕಟ್ ಅಂದ್ಮೇಲೆ ನಿಮ್ಮ ಮುಖ ಬಂದಿದೆ ಅತ್ತೆ. ಬೇಕು ಅಂತ ತೆಗೆದಿದ್ದಲ್ಲ. ನಾನು ಬಂದು ಏನಾದ್ರೂ ಹೇಳ್ತೀನಿ ಅಂತ ಕಾಯ್ತಾ ಕೂತಿದೀರಿ. ನಾನು ಬರೋದೇ ಇಲ್ಲ."

"ಅದನ್ನೇ ಹಾಕು."

"ನಿಮಗೆ ಬೇಜಾರಿಲ್ವಾ?"

"ಹಾಕು ಅಂದ್ನಲ್ಲ. ಮಾತು ನಿಂಗೆ ಸಿಕ್ತಲ್ಲ, ಮುಖ ಅವರು ಇಟ್ಕೊಳ್ಲಿ."

ಹೆಂಡತಿ ಸ್ಟೂಲು ಮುಂದಕ್ಕೆಳೆದುಕೊಂಡು ಅಮ್ಮನ ಕೈ ಹಿಡಿದಳು. ಮದುವೆಯಾದಾಗಿನಿಂದ ಹಾಗೆ ಹಿಡಿದದ್ದನ್ನು ನಾನು ನೋಡಿರಲಿಲ್ಲ.

"ಆ ಸೀರಿಯಲ್ಲಿಂದ ನಿಮಗೆ ಕೋಪ ಬಂದಿದೆ, ಅದಕ್ಕೇ ಮಾತಾಡಲ್ಲ ಅಂದ್ಕೊಂಡಿದ್ದೆ ಅತ್ತೆ. ಒಂದ್ ಸಲ ಕೇಳಿಬಿಟ್ಟಿದ್ರೆ ಆಗಿತ್ತು. ಕೇಳೋಕೆ ಹೆದರಿಕೆ. ನಿಮ್ಮನ್ನ ಕಂಡ್ರೆ ಮೊದಲಿಂದಾನೂ ಹೆದರಿಕೆ ನಂಗೆ."

ಅಮ್ಮ ಅವಳನ್ನೇ ನೋಡಿದಳು. ಕೇಳಿದ್ದು ಸರಿಯೇ ಎಂಬಂತೆ ಒಮ್ಮೆ ಕಣ್ಣು ಮಿಟುಕಿಸಿದಳು. ಆಮೇಲೆ ಮೈ ಕುಲುಕಿಸಿಕೊಂಡು ನಗತೊಡಗಿದಳು.

"ಅಯ್ಯೋ ಹುಚ್ಚಿ, ನಂಗೂ ಅಷ್ಟೇ ಕಣೇ! ನಿನ್ನ ಹೆಜ್ಜೆ ಸದ್ದು ಕೇಳಿದ್ರೆ ನಾನು ಬಾಯಿಗೆ ಸೂಜಿ ಕಚ್ಕೊಂಡ್ಬಿಡ್ತಿದ್ದೆ, ಮಾತಾಡೋದು ತಪ್ಪಲಿ ಅಂತ!"

ಇಬ್ಬರೂ ಒಬ್ಬರ ಕೈ ಒಬ್ಬರು ಬಿಡದೆ ಬಿದ್ದು ಬಿದ್ದು ನಕ್ಕರು. ಮೆಟ್ಟಿಲ ಬಳಿ ನಿಂತು ನಾನೂ ನಗಲು ನೋಡಿದೆ, ಆಗಲಿಲ್ಲ. ಎರಡು ಹೆದರಿದ ಜೀವಗಳು ಮೂವತ್ತು ವರ್ಷ ನನ್ನ ಎಡಬಲಕ್ಕೆ ಇದ್ದವು. ನಾನು ಅದಕ್ಕೆ ಗೌರವ ಎಂದು ಹೆಸರಿಟ್ಟು ಕಂಡಕಂಡವರ ಮುಂದೆಲ್ಲ ಕೊಚ್ಚಿಕೊಂಡಿದ್ದೆ.